ಕರಗದ ಗಂಟು

ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ‘ಗಂಟು’ ಎಂಬ ಮಾತು ಬರುತ್ತಿತ್ತೋ, ಲೆಕ್ಕ ಇಟ್ಟವರಿಲ್ಲ. ಅದು ಹಾಸಿಗೆ ಹೊಲಿಯುವವರ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಜನ ತಮ್ಮ ಹಳೆಯ ಹಾಸಿಗೆಗಳನ್ನು ಸುರುಳಿ ಸುತ್ತಿ ತಂದು ಹಾಕಿ ಹೋಗುತ್ತಿದ್ದರು. ವರ್ಷಗಟ್ಟಲೆ ಮೈಭಾರ ಬಿದ್ದು ಒಳಗಿನ ಹತ್ತಿ ಗಂಟುಗಟ್ಟಿರುತ್ತಿತ್ತು. ಅದನ್ನು ಬಿಚ್ಚಿ, ಹಿಂಜಿ, ಒಂದಿಷ್ಟು ಹೊಸ ಹತ್ತಿ ಸೇರಿಸಿ, ಮತ್ತೆ ತುಂಬಿ ಹೊಲಿದು ಕೊಡಬೇಕು. ಹಿಂಜುವ ಕೆಲಸ ಈಗ ಯಂತ್ರದ್ದು, ಯಂತ್ರ ಮಗನದ್ದು. ಆದರೆ ಹೊಲಿದು ಮುಗಿದ ಹಾಸಿಗೆಯ ಮೇಲೆ ಕೊನೆಗೊಮ್ಮೆ ಕೈಯಾಡಿಸುವ ಹಕ್ಕನ್ನು ಅವನ ತಾಯಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆಕೆ ಕಣ್ಣು ಮುಚ್ಚಿ ಅಂಗೈ ಸವರುತ್ತ ಬಂದು, "ಇಲ್ಲೊಂದು ಗಂಟಿದೆ, ಬಿಚ್ಚೋ" ಎಂದರೆ ಮುಗಿಯಿತು. ಮಗ ಗೊಣಗುತ್ತ ಹೊಲಿಗೆ ಬಿಚ್ಚುತ್ತಿದ್ದ. ಗಂಟು ಸಿಕ್ಕೇ ಸಿಗುತ್ತಿತ್ತು.

ಇನ್ನೊಂದು ಗಂಟು ಆಕೆಯ ಸೊಂಟದಲ್ಲಿತ್ತು. ಹಾಸಿಗೆ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಮನೆಖರ್ಚಿನ ದುಡ್ಡು. ಮಗ ದುಡಿದದ್ದೂ ಅದರೊಳಗೆ, ಸಾಬೂನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಸೊಸೆ ದುಡಿದದ್ದೂ ಅದರೊಳಗೆ. ಉಪ್ಪು ತರಬೇಕಾದರೂ ಅತ್ತೆಯ ಎದುರು ಕೈಯೊಡ್ಡಿ ನಿಲ್ಲಬೇಕು. ಹದಿನೆಂಟು ವರ್ಷ ಸಂಸಾರ ಮಾಡಿದರೂ ಸೊಸೆಗೆ ಆ ಗಂಟಿನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕೆಂದು ಹೇಳುವವರು ಅವಳ ಜಾಗದಲ್ಲಿ ನಿಂತು ನೋಡಲಿ.

ಜಗಳ ಶುರುವಾದದ್ದು ಒಂದು ಎಲೆಕೋಸಿನಿಂದ. ಒಂದು ಸಂಜೆ ಸೊಸೆ ಕೆಲಸ ಮುಗಿಸಿ ಬಂದವಳೇ ಚೀಲದಿಂದ ಕೋಸು, ಕ್ಯಾರೆಟ್, ಎರಡು ಕಟ್ಟು ಸೊಪ್ಪು ತೆಗೆದು ಒಲೆಯ ಪಕ್ಕ ಸಾಲಾಗಿ ಇಟ್ಟಳು. ಆ ಮನೆಯಲ್ಲಿ ತರಕಾರಿ ಎಂದರೆ ಈರುಳ್ಳಿ, ಆಲೂಗಡ್ಡೆ. ಉಳಿದದ್ದೆಲ್ಲ ಮಾಂಸ, ಮೊಟ್ಟೆ, ಅನ್ನ.

"ಇದೇನೇ ಇದು? ಮನೇಲಿ ಮೇಕೆ ಕಟ್ಟಿದೀವಾ?" ಎಂದಳು ಅತ್ತೆ.

"ಮನುಷ್ಯರಿಗೇ ತಂದಿದ್ದು ಅತ್ತೆ. ಇವತ್ತು ಕಾರ್ಖಾನೆಗೆ ಡಾಕ್ಟ್ರಮ್ಮ ಬಂದಿದ್ರು. ಊಟದ ಹಾಲ್‌ನಲ್ಲಿ ಹೆಂಗಸರನ್ನೆಲ್ಲ ಕೂರಿಸ್ಕೊಂಡು ಮಾತಾಡಿದ್ರು. ದಿನಾ ತರಕಾರಿ ತಿನ್ಬೇಕಂತೆ. ಸೊಪ್ಪು, ಕೋಸು, ಕ್ಯಾರೆಟ್ಟು, ಕುಂಬಳಕಾಯಿ. ಚೆನ್ನಾಗಿ ತಿನ್ನೋ ಹೆಂಗಸರಿಗೆ ಎದೆ ಕ್ಯಾನ್ಸರ್ ಬರೋ ಸಾಧ್ಯತೆ ಕಮ್ಮಿ ಆಗಬಹುದಂತೆ."

"ಅಂತೆ, ಕಂತೆ! ಸಂತೇಲಿ ಮಾರೋ ಮಾತೆಲ್ಲ ಚೀಲಕ್ಕೆ ತುಂಬ್ಕೊಂಡು ಬಂದೆಯಾ?"

"ನಮ್ಮಮ್ಮ ಏನಾಗಿ ಹೋದ್ಲು ಅಂತ ನಿಮಗೆ ಗೊತ್ತಲ್ಲ."

"ಗೊತ್ತಿರೋದಕ್ಕೇ ಹೇಳ್ತಿರೋದು. ನಮ್ಮ ಕಡೆ ಆ ಕಾಯಿಲೆ ಯಾರಿಗೂ ಇಲ್ಲ. ನಮ್ಮಮ್ಮ, ನಮ್ಮಜ್ಜಿ, ಎಲ್ಲ ಮೂಳೆ ಕಡ್ಕೊಂಡೇ ಹಣ್ಣುಮುದುಕಿಯರಾದ್ರು. ಅದು ನಿನ್ನ ತವರಿನ ಬಳುವಳಿ. ತಿನ್ನೋದಾದ್ರೆ ನೀನು ತಿನ್ನು."

"ಅಜ್ಜೀ!" ಎಂದಳು ಪುಸ್ತಕ ಹಿಡಿದು ಬಾಗಿಲಲ್ಲಿ ಕೂತಿದ್ದ ಮೊಮ್ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಮಾತಿನಲ್ಲಿ ಅಜ್ಜಿಯದೇ ಅಚ್ಚು.

ಸೊಸೆ ಕೋಸನ್ನು ಎತ್ತಿ ಮಣೆಯ ಮೇಲಿಟ್ಟು ಕತ್ತರಿಸಿದಳು. ಕತ್ತಿಯ ಸದ್ದಿಗೆ ಮುಂದಿನ ಕೋಣೆಯಲ್ಲಿದ್ದ ಮಗನಿಗೆ ವಿಷಯ ತಿಳಿಯಿತು. ಅವನು ಯಂತ್ರ ಚಾಲೂ ಮಾಡಿದ. ಒಳಗೆ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಹಿಂಜುವ ಹತ್ತಿ ನೆನಪಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ.

ಒಂದು ವಿಷಯವನ್ನು ಮಾತ್ರ ಸೊಸೆ ಯಾರಿಗೂ ಹೇಳಿರಲಿಲ್ಲ. ಡಾಕ್ಟ್ರಮ್ಮನ ಮಾತು ಅಷ್ಟಕ್ಕೇ ಮುಗಿದಿರಲಿಲ್ಲ. ಊಟದ ವಿಷಯ ಆದ ಮೇಲೆ ಆಕೆ ಗೋಡೆಗೆ ಒಂದು ಚಿತ್ರ ತೂಗುಹಾಕಿ, "ಈಗ ನಿಮ್ಮ ಎದೆಯನ್ನ ನೀವೇ ಹೇಗೆ ಮುಟ್ಟಿ ನೋಡ್ಕೋಬೇಕು, ಪರೀಕ್ಷೆಗೆ ಎಲ್ಲಿಗೆ ಬರಬೇಕು ಅನ್ನೋದು ಹೇಳ್ತೀನಿ" ಎಂದಿದ್ದಳು. ಆಗ ಸೊಸೆ ಕೆಲಸ ಇದೆಯೆಂದು ಎದ್ದು ಬಂದಿದ್ದಳು. ಕೆಲಸವೇನೂ ಇರಲಿಲ್ಲ. ತಾಯಿಗೆ ಕೊನೆಯ ತಿಂಗಳುಗಳಲ್ಲಿ ಸ್ನಾನ ಮಾಡಿಸಿದವಳು ಅವಳು. ಆ ಚಿತ್ರದ ಎದುರು ಕೂರಲು ಅವಳಿಗೆ ಧೈರ್ಯ ಬರಲಿಲ್ಲ. ತರಕಾರಿಯಾದರೆ ಕೊಂಡು ತರಬಹುದು, ಬೇಯಿಸಬಹುದು, ಮಗಳ ತಟ್ಟೆಗೆ ಬಡಿಸಬಹುದು.

ಮುಂದಿನ ದಿನಗಳಲ್ಲಿ ಊಟದ ಹೊತ್ತೆಂದರೆ ಜಗಳದ ಹೊತ್ತು. ಸೊಸೆ ಪಲ್ಯ ಬಡಿಸುತ್ತಾಳೆ, ಅತ್ತೆ ತಟ್ಟೆಯ ಅಂಚಿಗೆ ತಳ್ಳುತ್ತಾಳೆ.

"ನನ್ನ ತಟ್ಟೆಗಾದ್ರೂ ಎರಡು ತುಂಡು ಮಾಂಸ ಹಾಕ್ರೇ," ಎಂದು ಮಗ ಬೇಡಿಕೊಂಡ. "ಹಾಸಿಗೆ ಎತ್ತೋನು ನಾನು. ಸೊಪ್ಪು ತಿಂದು ದಿಂಬೂ ಎತ್ತಕ್ಕಾಗಲ್ಲ."

"ಮಾಂಸ ಬೇಡ ಅಂದೋರ್ಯಾರು ರೀ? ಜೊತೆಗೆ ಇದನ್ನೂ ತಿನ್ನಿ ಅಂದೆ."

"ದುಡ್ಡು ನಿನ್ನ ತವರಿಂದ ಬರುತ್ತಾ?" ಎಂದಳು ಅತ್ತೆ. "ನನ್ನ ಗಂಟಿಂದ ತಾನೆ ಹೋಗೋದು?"

"ನಿಮ್ಮ ಗಂಟಲ್ಲಿ ನನ್ನ ಸಂಬಳಾನೂ ಇದೆ ಅತ್ತೆ."

ಅತ್ತೆ ಅವತ್ತಿಡೀ ಗಂಟುಮುಖ ಹಾಕಿಕೊಂಡು ಕೂತಳು.

ಹೀಗಿರುವಾಗ ಒಂದು ಬೆಳಿಗ್ಗೆ ಬಚ್ಚಲಲ್ಲಿ ಅತ್ತೆಯ ಕೈ ನಿಂತುಹೋಯಿತು. ಸೊಸೆ ಕಾರ್ಖಾನೆಯಿಂದ ತರುವ ಮುರುಕು ಸಾಬೂನನ್ನು ಆಕೆ ಮೈಗೆ ಉಜ್ಜುತ್ತಿದ್ದಳು. ಎಡ ಎದೆಯ ಪಕ್ಕ, ಕಂಕುಳ ಕಡೆಗೆ, ಬಟಾಣಿ ಕಾಳಿನಷ್ಟು ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಊರವರ ಹಾಸಿಗೆಗಳಲ್ಲೆಲ್ಲ ಗಂಟು ಹುಡುಕಿದ ಕೈಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋವಿರಲಿಲ್ಲ. ಒತ್ತಿದರೆ ಜರುಗಲಿಲ್ಲ. ಹತ್ತಿಯ ಗಂಟಾದರೆ ಬೆರಳಲ್ಲಿ ಹಿಂಜಿದರೆ ಬಿಟ್ಟುಕೊಳ್ಳುತ್ತದೆ. ಆಕೆ ಹಾಗೇ ಹಿಂಜಿ ನೋಡಿದಳು. ಚರ್ಮ ಕೆಂಪಾಯಿತೇ ಹೊರತು ಗಂಟು ಬಿಡಲಿಲ್ಲ. ನೀರು ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದಳು.

ಯಾರಿಗೆ ಹೇಳುವುದು? ಮಗನಿಗೆ ಹೇಳುವ ವಿಷಯವಲ್ಲ. ಮೊಮ್ಮಗಳು ಕೂಸು. ಉಳಿದವಳು ಸೊಸೆ. ಅವಳ ಮುಂದೆ ತವರಿನ ಬಳುವಳಿ ಎಂದು ಅಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಅದೇ ಬಾಯಲ್ಲಿ, ‘ನನಗೂ ಬಂದಂತಿದೆ ಕಣೇ’ ಎನ್ನುವುದಕ್ಕಿಂತ ಸಾಯುವುದೇ ವಾಸಿ ಎಂದುಕೊಂಡಳು. ಹಾಗೆಂದುಕೊಂಡ ಮರುಗಳಿಗೆಯೇ ಸಾಯಲು ಭಯವಾಯಿತು.

ಎರಡು ದಿನ ಬಿಟ್ಟು, ಸೊಸೆ ಕ್ಯಾರೆಟ್ ಹೆರೆಯುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತಳು. ಕೂತು ಒಂದು ಕ್ಯಾರೆಟ್ ಕೈಗೆತ್ತಿಕೊಂಡು, ಅದನ್ನೇ ನೋಡುತ್ತ ಕೇಳಿದಳು.

"ಅಲ್ವೇ, ಇದನ್ನೆಲ್ಲ ದಿನಾ ತಿಂದ್ರೆ ಗಂಟು ಕರಗುತ್ತಾ?"

ಸೊಸೆಯ ಕೈ ನಿಂತಿತು. ಆ ಮನೆಯಲ್ಲಿ ಹತ್ತಿಯ ಗಂಟು ಬಿಡುತ್ತದೆ, ಹಿಂಜಿಹೋಗುತ್ತದೆ. ಕರಗುವ ಗಂಟು ಒಂದೇ, ಅತ್ತೆಯ ಸೊಂಟದ್ದು. ಮತ್ತೆ ದುಡ್ಡಿನ ಕೊಂಕು ಶುರುವಾಯಿತು ಎಂದುಕೊಂಡಳು.

"ಕರಗದೆ ಏನಾಗುತ್ತೆ ಅತ್ತೆ? ಎರಡು ಹೊತ್ತೂ ತಿನ್ನಿ, ತಿಂಗಳು ತುಂಬೋದ್ರೊಳಗೆ ಕರಗಿ ಹೋಗುತ್ತೆ."

"ಪೂರ್ತಿನಾ?"

"ಹೇಳಹೆಸರಿಲ್ಲದ ಹಾಗೆ! ಇನ್ನೂ ಜಾಸ್ತಿ ತಿನ್ನಿ, ಇನ್ನೂ ಬೇಗ ಕರಗುತ್ತೆ."

ಅತ್ತೆ ಸಿಟ್ಟಾಗಲಿಲ್ಲ. "ಹೌದಾ," ಎಂದಳು ಮೆಲ್ಲಗೆ. ಆ ಕಾಯಿಲೆಯನ್ನು ಮನೆಯಲ್ಲೇ ಕಂಡವಳು ತಿಳಿಯದೆ ಹೇಳುತ್ತಾಳೆಯೇ ಎಂದು ಆಕೆಗೆ ಎಷ್ಟೋ ಸಮಾಧಾನವಾಯಿತು. ಕೇಳಿದವಳು ಒಂದು ಕೇಳಿದಳು, ಹೇಳಿದವಳು ಇನ್ನೊಂದು ಹೇಳಿದಳು. ನಡುವೆ ಇದ್ದದ್ದು ಒಂದೇ ಮಾತು, ಅದೂ ದಿನಬಳಕೆಯದು.

ಮಾರನೆಯ ದಿನ ಅತ್ತೆ ತಾನಾಗಿಯೇ ಸೊಂಟದ ಗಂಟು ಬಿಚ್ಚಿ ದುಡ್ಡು ಕೊಟ್ಟಳು.

"ಕುಂಬಳಕಾಯಿ ತಾ. ದೊಡ್ಡದು ನೋಡಿ ತಾ. ಸೊಪ್ಪು ಎರಡು ಕಟ್ಟು ಸಾಲಲ್ಲ."

"ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದು ಮಗ ಬೀದಿಗೆ ಇಣುಕಿ ನೋಡಿದ. ಮೊಮ್ಮಗಳು ನಕ್ಕಳು. ಸೊಸೆ ಕಾರ್ಖಾನೆಯಲ್ಲಿ ಪಕ್ಕದವಳಿಗೆ ಹೇಳಿ ಹಿಗ್ಗಿದಳು. ಅತ್ತೆಗೊಂದು ಕಾಲವಾದರೆ ಸೊಸೆಗೂ ಒಂದು ಕಾಲ ಬರುತ್ತದೆ, ತನ್ನದು ಬಂತು ಎಂದೇ ಅವಳ ಎಣಿಕೆ.

ಅತ್ತೆ ತಿಂದಳು. ಕಹಿ ಔಷಧಿ ನುಂಗುವ ಹಾಗೆ ಕಣ್ಣು ಮುಚ್ಚಿ ತಿಂದಳು. ಬೇಯಿಸಿದ್ದು ಸಾಲದೆಂದು ಹಸಿ ಕೋಸಿನ ಎಲೆಯನ್ನು ಸುರುಳಿ ಮಾಡಿ ಕಡಿದಳು. ಮಾಂಸ ಬಿಟ್ಟಳು, ಮೊಟ್ಟೆ ಬಿಟ್ಟಳು, ಆಮೇಲೆ ಅನ್ನವನ್ನೂ ಅರ್ಧ ಮಾಡಿದಳು. ದಿನವೂ ಬಚ್ಚಲಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಚಿಕ್ಕದಾದಂತೆ ಇರುತ್ತಿತ್ತು, ಅವತ್ತು ಮನೆಮಂದಿಯ ಜೊತೆ ನಗುನಗುತ್ತ ಮಾತಾಡುತ್ತಿದ್ದಳು. ಇನ್ನೊಂದು ದಿನ ದೊಡ್ಡದಾದಂತೆ ಇರುತ್ತಿತ್ತು, ಅವತ್ತು ಯಾರು ಎದುರು ಸಿಕ್ಕರೂ ಉರಿದುಬೀಳುತ್ತಿದ್ದಳು.

"ಅಜ್ಜಿ, ನೀನು ಯಾಕೆ ಈಗ ಒಂದೇ ಮಗ್ಗುಲಿಗೆ ಮಲಗ್ತೀಯ?" ಎಂದು ಮೊಮ್ಮಗಳು ಕೇಳಿದಳು. ಇಬ್ಬರದೂ ಒಂದೇ ಹಾಸಿಗೆ.

"ಆ ಕಡೆ ನೀನು ಗೊರಕೆ ಹೊಡೀತೀಯ, ಅದಕ್ಕೆ."

"ನಾನಾ? ಗೊರಕೆ ನಿಂದು!"

"ವಾದ ಮಾಡ್ಬೇಡ. ಕ್ಯಾರೆಟ್ ಉಳಿದಿದ್ರೆ ಇತ್ಲಾಗೆ ಕೊಡು."

ಆ ದಿನಗಳಲ್ಲೇ ಅಂಗಡಿಗೆ ಒಂದು ಹಾಸಿಗೆ ವಾಪಸ್ ಬಂತು. ಗಿರಾಕಿ ಅದನ್ನು ನೆಲಕ್ಕೆ ಎಸೆದು, "ಏನ್ರೀ ಹೊಲಿದಿರೋದು? ಮಲಗಿದ್ರೆ ಬೆನ್ನಿಗೆ ಒತ್ತುತ್ತೆ" ಎಂದು ಕೂಗಾಡಿದ. ಮಗ ಬಿಚ್ಚಿ ನೋಡಿದ. ನಡುಮಧ್ಯದಲ್ಲಿ ನಿಂಬೆಹಣ್ಣಿನಷ್ಟು ಹತ್ತಿಯ ಗಂಟು. ಹಾಗೆ ಹಿಂದೆಂದೂ ಆಗಿರಲಿಲ್ಲ.

"ಅಮ್ಮ, ಇದನ್ನ ನೀನೇ ನೋಡಿದ್ಯಲ್ಲ? ನಿನ್ನ ಕೈಗೆ ಏನಾಗಿದೆ?"

"ವಯಸ್ಸಾಯ್ತು ಕಣೋ."

ವಯಸ್ಸಲ್ಲ. ಈಚೆಗೆ ಬೆರಳಿಗೆ ಗಂಟು ಸಿಕ್ಕರೆ ಎಂಬ ಹೆದರಿಕೆಗೇ ಆಕೆಯ ಕೈ ಹಾಸಿಗೆಯ ಮೇಲುಮೇಲೆ ಹಾರಿಕೊಂಡು ಹೋಗುತ್ತಿತ್ತು. ಮಗ ತಾಯಿಯ ಮುಖವನ್ನು ಒಂದು ಗಳಿಗೆ ನೋಡಿದ. ಇಳಿದ ಕೆನ್ನೆ, ಸಡಿಲವಾದ ರವಿಕೆ. ಕೇಳಬೇಕೆಂದು ಬಾಯಿ ತೆರೆದವನು ಗಿರಾಕಿಯ ಕೂಗಿಗೆ ತಿರುಗಿದ. ಆಮೇಲೆ ಕೇಳುವುದು ಮರೆತ. ಇದಕ್ಕಾಗಿ ಅವನು ಮುಂದೆ ತುಂಬ ನೊಂದುಕೊಂಡ.

ತಿಂಗಳು ತುಂಬಿದ ಒಂದು ಭಾನುವಾರ ಮಧ್ಯಾಹ್ನ ಎಲ್ಲ ಬಯಲಾಯಿತು. ಮೊಮ್ಮಗಳಿಗೆ ಕಾಲೇಜಿನ ಪರೀಕ್ಷೆ ಹತ್ತಿರವಿತ್ತು. ಸೊಸೆ ಬೆಳಿಗ್ಗೆಯೇ ಹೂಕೋಸು, ಕ್ಯಾರೆಟ್ ಬೇಯಿಸಿ ಅವಳಿಗೆಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ಬಟ್ಟೆ ಒಗೆದು ಬಂದು ಡಬ್ಬಿ ತೆಗೆದರೆ ಒಳಗೆ ಏನೂ ಇಲ್ಲ.

"ಇದನ್ನ ಯಾರು ತಿಂದಿದ್ದು?"

"ನಾನೇ," ಎಂದಳು ಅತ್ತೆ.

"ಬೆಳಿಗ್ಗೆ ತಟ್ಟೆ ತುಂಬ ತಿಂದ್ರಿ. ನಿನ್ನೆ ತಂದ ಕೋಸೂ ಕಾಣ್ತಿಲ್ಲ. ಇದು ಮಗೂಗೆ ಅಂತ ಇಟ್ಟಿದ್ದೆ ಅತ್ತೆ!"

"ನಂಗೆ ಬೇಕಿತ್ತು, ತಿಂದೆ."

"ನಿಮಗ್ಯಾಕೆ ಬೇಕು? ಮೇಕೆ ತಿನ್ನೋದು ಅಂತಿದ್ರಲ್ಲ? ನಿಮ್ಮ ಕಡೆ ಆ ಕಾಯಿಲೆ ಯಾರಿಗೂ ಇಲ್ವಲ್ಲ! ತವರಿನ ಬಳುವಳಿ ನನಗೂ ನನ್ನ ಮಗಳಿಗೂ ತಾನೆ ಇರೋದು? ನಮ್ಮ ಪಾಲಿನ ಸೊಪ್ಪೂ ಸೇರಿಸಿ ನೀವೇ ತಿಂದ್ರೆ ನಾವೇನು ತಿನ್ನೋಣ?"

ಮುಂದಿನ ಕೋಣೆಯಲ್ಲಿ ಯಂತ್ರ ಶುರುವಾಯಿತು.

"ಸುಳ್ಳಿ!" ಎಂದು ಅತ್ತೆ ಕಿರುಚಿದಳು. "ಸುಳ್ಳು ಹೇಳಿದೆ ನೀನು! ತಿಂಗಳೊಳಗೆ ಕರಗುತ್ತೆ ಅಂದೆ. ಹೇಳಹೆಸರಿಲ್ಲದ ಹಾಗೆ ಹೋಗುತ್ತೆ ಅಂದೆ. ಎಲ್ಲಿ ಕರಗ್ತು? ಎಲ್ಲಿ ಕರಗ್ತೇ?"

"ಏನು ಕರಗ್ಲಿಲ್ಲ? ಗಂಟಾ? ನಿಮ್ಮ ಸೊಂಟ ನೀವೇ ಮುಟ್ಕೊಳ್ಳಿ. ಅರ್ಧಕ್ಕರ್ಧ ಕರಗಿದೆ!"

ಅತ್ತೆ ಸೊಂಟದಿಂದ ದುಡ್ಡಿನ ಗಂಟನ್ನು ಕಿತ್ತು ನೆಲಕ್ಕೆ ಬಡಿದಳು. ಚಿಲ್ಲರೆ ಒಲೆಯ ಬುಡದವರೆಗೂ ಉರುಳಿತು.

"ಈ ಗಂಟಲ್ವೇ!"

ಸೊಸೆಯ ಒದ್ದೆ ಕೈ ಹಿಡಿದು ಎಳೆದು ತನ್ನ ರವಿಕೆಯೊಳಗೆ, ಎಡ ಎದೆಯ ಪಕ್ಕಕ್ಕೆ ಒತ್ತಿಕೊಂಡಳು.

ಸೊಸೆಗೆ ಮೊದಲು ಕೈ ಕಿತ್ತುಕೊಳ್ಳಬೇಕೆನ್ನಿಸಿತು. ಆಮೇಲೆ ಬೆರಳಿಗೆ ಅದು ಸಿಕ್ಕಿತು. ತನ್ನ ತಾಯಿಯ ಮೈಯಲ್ಲಿ ಸಿಕ್ಕಿದ್ದೇ ಅದು, ಅಷ್ಟೇ ಗಟ್ಟಿ, ಅಷ್ಟೇ ಹಟಮಾರಿ. ಅವಳು ಅತ್ತೆಯ ಕಾಲ ಬಳಿಯೇ ಕುಸಿದು ಕೂತಳು.

"ಅಪ್ಪಾ, ಆ ಮೆಷಿನ್ ನಿಲ್ಸು!" ಎಂದು ಮೊಮ್ಮಗಳು ಕೂಗಿದಳು. "ನಿಲ್ಸಪ್ಪಾ, ನಿನ್ನ ದಮ್ಮಯ್ಯ!"

ಯಂತ್ರ ನಿಂತಿತು. ಮಗ ತಲೆಯ ಮೇಲೆಲ್ಲ ಹತ್ತಿಯ ಎಳೆ ಹೊತ್ತು ಬಾಗಿಲಿಗೆ ಬಂದ. ತಾಯಿಯ ಕೈ ಇನ್ನೂ ಎಡ ಎದೆಯ ಮೇಲೇ ಇತ್ತು. ನೋಡಿಯೇ ಅವನಿಗೆ ಅರ್ಥವಾಯಿತು.

"ನಾನು ದುಡ್ಡಿನ ಗಂಟು ಅಂದ್ಕೊಂಡೆ ಅತ್ತೆ," ಎಂದಳು ಸೊಸೆ. "ದೇವರಾಣೆ, ದುಡ್ಡಿನ ಗಂಟು ಅಂದ್ಕೊಂಡೆ."

"ದುಡ್ಡಿನ ಗಂಟಾ?" ಅತ್ತೆ ನೆಲದಲ್ಲಿ ಬಿದ್ದ ಬಟ್ಟೆಯ ತುಂಡನ್ನು ನೋಡಿದಳು. ನಗು ಬಂದ ಹಾಗಾಯಿತು, ಅದು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿತ್ತು. "ಅಯ್ಯೋ ನನ್ನ ಕರ್ಮವೇ. ನಾನು ಅಷ್ಟೊಂದು ಕೋಸು ತಿಂದ್ನಲ್ಲೇ!"

"ನಂಗ್ಯಾಕೆ ಹೇಳ್ಲಿಲ್ಲಮ್ಮ ನೀನು?" ಎಂದ ಮಗ.

"ಏನಂತ ಹೇಳ್ಲೋ? ಹೇಳಕ್ಕೆ ಬಂದ್ರೆ ನೀನು ಮೆಷಿನ್ ಹಾಕ್ತೀಯ."

ಅವನು ಅಲ್ಲೇ ಕೂತು ಚಿಲ್ಲರೆ ಆಯತೊಡಗಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ ಎಲ್ಲರೂ ಆಸ್ಪತ್ರೆಗೆ ಹೋದರು. ಯಂತ್ರದಲ್ಲಿ ಎದೆಯ ಚಿತ್ರ, ಸೂಜಿ ಚುಚ್ಚಿ ಪರೀಕ್ಷೆ, ಕಾಯುವುದು, ಮತ್ತೆ ಕಾಯುವುದು. ವಾರ ಕಳೆದು ಅಲ್ಲಿನ ಲೇಡಿ ಡಾಕ್ಟರ್ ಕರೆದು ಹೇಳಿದಳು, ಅದೇ ಕಾಯಿಲೆ. ಗಂಟು ತೆಗೆಯಬೇಕು, ಆಮೇಲೆ ಔಷಧಿ. ಬೇರೆ ಕಡೆ ಹರಡಿದ ಹಾಗೆ ಈಗ ಕಾಣುತ್ತಿಲ್ಲ, ಆದರೆ ತೆಗೆದು ನೋಡಿದ ಮೇಲೆಯೇ ಪೂರ್ತಿ ಹೇಳಲು ಸಾಧ್ಯ.

"ಕಂಡು ಎಷ್ಟು ದಿನ ಆಯ್ತು? ತಕ್ಷಣ ಯಾಕೆ ಬರಲಿಲ್ಲ?" ಎಂದು ಡಾಕ್ಟರ್ ಕೇಳಿದಳು.

ಸೊಸೆ ತಲೆ ತಗ್ಗಿಸಿದಳು. ಅತ್ತೆಯೇ ಬಾಯಿ ಬಿಟ್ಟಳು. "ತರಕಾರಿ ತಿಂದ್ರೆ ಕರಗುತ್ತೆ ಅಂತ ನಾನೇ ತಪ್ಪು ತಿಳ್ಕೊಂಡೆ ತಾಯಿ. ನಮ್ಮನೆ ಮಾತೇ ಹಾಗೆ, ಒಂದು ಅಂದ್ರೆ ಇನ್ನೊಂದು."

"ತರಕಾರಿ ತಿನ್ನೋದು ಒಳ್ಳೇದೇ ಅಜ್ಜಿ. ಅದು ಬೇಲಿ ಇದ್ದ ಹಾಗೆ. ದನ ನುಗ್ಗೋದು ಕಮ್ಮಿ ಆಗಬಹುದು, ನುಗ್ಗೋದೇ ಇಲ್ಲ ಅಂತಲ್ಲ. ಒಳಗೆ ನುಗ್ಗಿದ್ದನ್ನ ಓಡಿಸೋಕೆ ಬೇಲಿ ಕೈಲಿ ಆಗಲ್ಲ. ಅದಕ್ಕೆ ನಾವು ಬೇಕು." ಆಕೆ ಸೊಸೆಯ ಕಡೆ ತಿರುಗಿದಳು. "ನಿಮ್ಮ ತಾಯಿಗೂ ಇತ್ತು ಅಂದ್ರಲ್ಲ. ನೀವು ಯಾವತ್ತಾದ್ರೂ ಪರೀಕ್ಷೆ ಮಾಡಿಸಿದೀರಾ?"

"ಮಾಡಿಸ್ತೀನಿ," ಎಂದಳು ಸೊಸೆ ಬಾಗಿಲ ಕಡೆ ನೋಡುತ್ತ.

ಆ ನೋಟವನ್ನು ಅತ್ತೆ ಗಮನಿಸಿದಳು. ಗಂಟು ಎಲ್ಲಿ ಅಡಗಿದೆ ಎಂದು ಹುಡುಕುವುದು ಆಕೆಗೆ ಹೊಸದಲ್ಲ.

ಆಪರೇಷನ್ ದಿನ ಮಗ ಔಷಧಿ ತರಲು ಹೋಗಿದ್ದ. ಉದ್ದ ಪಡಸಾಲೆಯ ಬೆಂಚಿನ ಮೇಲೆ ಅತ್ತೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಕೂತಿದ್ದಳು, ಪಕ್ಕದಲ್ಲಿ ಸೊಸೆ. ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದು, ದುಡ್ಡಿನ ಗಂಟನ್ನು ಅವಳ ಕೈಗಿಟ್ಟು, ಕಿವಿಯಲ್ಲಿ ಏನೋ ಹೇಳಿ ಕಳಿಸಿದಳು.

"ಅವತ್ತು ಕಾರ್ಖಾನೇಲಿ ನಾನು ಡಾಕ್ಟ್ರಮ್ಮನ ಮಾತು ಪೂರ್ತಿ ಕೇಳಲಿಲ್ಲ ಅತ್ತೆ," ಎಂದಳು ಸೊಸೆ. "ಹೇಗೆ ಮುಟ್ಟಿ ನೋಡ್ಕೋಬೇಕು ಅಂತ ಹೇಳೋಕೆ ಶುರು ಮಾಡಿದ್ರು. ನಾನು ಎದ್ದು ಬಂದೆ. ಪೂರ್ತಿ ಕೇಳಿ ಬಂದು ನಿಮಗೆ ಹೇಳಿದ್ರೆ, ನೀವು ಅವತ್ತೇ—"

"ಯಾಕೆ ಎದ್ದು ಬಂದೆ?"

"ಹೆದರಿಕೆ."

"ಹೂಂ," ಎಂದಳು ಅತ್ತೆ. "ನಂಗೂ ಹೆದರಿಕೆ. ಈಗ್ಲೂ ಇದೆ. ನಿಮ್ಮಮ್ಮನ ಮಾತು ತೆಗೆದು ನಿಂಗೆ ಅಂದಿದ್ನಲ್ಲ, ಅದನ್ನ ಮರೆತುಬಿಡು ಅಂತ ಕೇಳೋಕೂ ನಂಗೆ ಬಾಯಿಲ್ಲ."

ಸೊಸೆ ಅತ್ತೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹತ್ತಿ ಹಿಂಜಿ ಹಿಂಜಿ ಒರಟಾದ ಬೆರಳುಗಳು ತಣ್ಣಗಿದ್ದವು.

ಮೊಮ್ಮಗಳು ಓಡುತ್ತ ಬಂದು ಒಂದು ಚೀಟಿಯನ್ನು ತಾಯಿಯ ಕೈಗೆ ಕೊಟ್ಟಳು. "ಪರೀಕ್ಷೆ ಕೋಣೆ ಅಲ್ಲಿ, ಎಡಗಡೆ. ಈಗ್ಲೇ ಹೋಗ್ಬೇಕಂತೆ."

ಸೊಸೆ ಚೀಟಿ ನೋಡಿದಳು. ಅದರ ಮೇಲೆ ಬರೆದಿದ್ದ ಹೆಸರು ತನ್ನದು.

"ಇವತ್ತು ಬೇಡ ಅತ್ತೆ. ನಿಮ್ಮದು ಆಗ್ಲಿ, ಆಮೇಲೆ ನೋಡೋಣ."

"ಆಮೇಲೆ ಅನ್ನೋದು ಏನು ಮಾಡುತ್ತೆ ಅಂತ ನೋಡಿದ್ಯಲ್ಲ."

ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಬಂದು ಅತ್ತೆಯನ್ನು ಕೂರಲು ಹೇಳಿದಳು. ಅತ್ತೆ ಬೆಂಚು ಬಿಟ್ಟು ಏಳಲಿಲ್ಲ. "ಮೊದಲು ಇವಳು ಏಳ್ಲಿ, ಆಮೇಲೆ ನಾನು," ಎಂದಳು.

"ನಂಗೇನಾಗಿದೆ ಅತ್ತೆ?" ಸೊಸೆ ಚೀಟಿಯನ್ನು ಮಡಚಿದಳು. "ನಾನು ದಿನಾ ತರಕಾರಿ ತಿಂತೀನಲ್ಲ."

"ನಾನೂ ತಿಂದೆ," ಎಂದಳು ಅತ್ತೆ.

ಸೊಸೆ ಚೀಟಿ ಹಿಡಿದುಕೊಂಡು ಎದ್ದಳು.